ಖಾಲಿ ತಟ್ಟೆಯ ಗಂಟೆ

ಕಳೆದ ತಿಂಗಳು ಲಿವರ್‌ಮೋರ್ ದೇವಸ್ಥಾನದ ಊಟದ ಹಾಲಿನಲ್ಲಿ ನನ್ನ ಎದುರು ಕೂತಿದ್ದ ಹುಡುಗ ವಾಂತಿ ಮಾಡಿಕೊಂಡ. ಐದು ವರ್ಷವಿರಬಹುದು. ಬೆಂಗಳೂರಿನಿಂದ ಬಂದಿದ್ದ ಅವನ ಅಜ್ಜಿ ಪಕ್ಕದಲ್ಲೇ ಕೂತು ಪುಳಿಯೋಗರೆಯನ್ನು ತುತ್ತು ತುತ್ತಾಗಿ ಅವನ ಬಾಯಿಗೆ ಇಡುತ್ತಿದ್ದರು.

"ನೋ ಅಜ್ಜಿ, ಐ ಆಮ್ ಡನ್."

"ಡನ್ನೂ ಇಲ್ಲ ಗಿನ್ನೂ ಇಲ್ಲ. ಇಷ್ಟೇ ಇಷ್ಟು ಉಳಿದಿದೆ. ಪ್ರಸಾದ ಬಿಡಬಾರದು ಪುಟ್ಟಾ. ಎಲ್ಲಿ, ಆ ಅನ್ನು."

ಹುಡುಗ ಆ ಅಂದ. ಆಮೇಲೆ ಎಲ್ಲವೂ ಮೇಜಿನ ಮೇಲೆ, ನೆಲದ ಮೇಲೆ ಬಂತು. ಹುಡುಗನ ಅಮ್ಮ ಅವನನ್ನು ಎತ್ತಿಕೊಂಡು ಬಾತ್‌ರೂಮಿಗೆ ಓಡಿದಳು. ಸ್ವಯಂಸೇವಕರೊಬ್ಬರು ಒಂದು ಡಬ್ಬಿ ತಂದು ನೆಲದ ಮೇಲೆ ಮರದ ಹೊಟ್ಟಿನಂಥ ಗುಲಾಬಿ ಬಣ್ಣದ ಪುಡಿಯನ್ನು ಉದುರಿಸಿದರು. ಇಲ್ಲಿನ ಶಾಲೆಗಳಲ್ಲಿ ಈ ಪುಡಿ ಯಾವಾಗಲೂ ಇರುತ್ತದೆ. ವಾಂತಿಯನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಗುಡಿಸಿ ತೆಗೆಯಬಹುದು. ಅದಕ್ಕೆ ಪೆಪ್ಪರ್‌ಮಿಂಟಿನ ವಾಸನೆ ಬೆರೆಸಿರುತ್ತಾರೆ. ಹುಳಿಯ ಮೇಲೆ ಪೆಪ್ಪರ್‌ಮಿಂಟು ಕೂತಾಗ ಬರುವ ವಾಸನೆ ಎರಡಕ್ಕಿಂತಲೂ ಕೆಟ್ಟದ್ದು.

ನಾನು ಒಂದು ವರ್ಷ ಆ ವಾಸನೆಯಲ್ಲಿ ಕೆಲಸ ಮಾಡಿದ್ದೇನೆ.

ಆಗ ನನಗೆ ಇಪ್ಪತ್ತಾರು. ಹಳೆಯ ಕಾಗದಪತ್ರಗಳನ್ನು ಜೋಡಿಸಿ ಕಾಪಿಡುವ ವಿದ್ಯೆಯಲ್ಲಿ ಇಲ್ಲೇ ಎಂ.ಎ. ಮುಗಿಸಿದ್ದೆ. ಓದಿದ ಮೇಲೆ ಒಂದು ವರ್ಷ ಕೆಲಸ ಮಾಡಲು ಅನುಮತಿ ಇತ್ತು. ಅಷ್ಟರೊಳಗೆ ಯಾರಾದರೂ ವೀಸಾ ಮಾಡಿಸಿಕೊಡದಿದ್ದರೆ ಮೈಸೂರಿಗೆ ವಾಪಸು. ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಲ್ಲಿಂದ ಐವತ್ತು ನಿಮಿಷ ಉತ್ತರಕ್ಕೆ, ಫ್ರೀವೇಯಿಂದ ಇಳಿದು ಎರಡು ಗುಡ್ಡ ದಾಟಿದರೆ ಆ ಶಾಲೆ. ಹೆಸರು ಬರೆಯುವುದಿಲ್ಲ. ಐರ್ಲೆಂಡಿನಿಂದ ಬಂದ ನಾಲ್ವರು ಬ್ರದರ್‌ಗಳು ನೂರು ವರ್ಷದ ಹಿಂದೆ ಕಟ್ಟಿದ ಗಂಡುಮಕ್ಕಳ ಪ್ರೈಮರಿ ಶಾಲೆ. ಬ್ರದರ್‌ಗಳೆಂದರೆ ಪಾದ್ರಿಗಳಲ್ಲ, ಮದುವೆಯಾಗದೆ, ಪಾಠ ಹೇಳುವುದನ್ನೇ ವ್ರತ ಮಾಡಿಕೊಂಡವರು. ಈಗ ಅವರಲ್ಲಿ ಯಾರೂ ಉಳಿದಿಲ್ಲ. ಪಾಠ ಹೇಳುವವರು ಸಂಸಾರಸ್ಥರು, ಕಲಿಯುವವರು ವಿಯೆಟ್ನಾಮಿನ, ಫಿಲಿಪೀನ್ಸಿನ, ಮೆಕ್ಸಿಕೋದ, ನಮ್ಮವರ ಮಕ್ಕಳು. ಐರಿಷ್ ಹೆಸರುಗಳು ಗೋಡೆಯ ಮೇಲಷ್ಟೇ ಇವೆ.

ಶತಮಾನೋತ್ಸವಕ್ಕೆ ಒಂದು ಪುಸ್ತಕ ಬೇಕಿತ್ತು. ಅದಕ್ಕೆ ನನ್ನನ್ನು ತೆಗೆದುಕೊಂಡರು. ಮೆಟ್ಟಿಲ ಕೆಳಗಿನ ಕೋಣೆಯೊಂದರಲ್ಲಿ ನನಗೆ ಮೇಜು ಹಾಕಿಕೊಟ್ಟರು. ಗೋಡೆಯಾಚೆ ಊಟದ ಹಾಲು. ಕೋಣೆಯ ತುಂಬ ದಿನಚರಿ ಪುಸ್ತಕಗಳು: ಮುಖ್ಯ ಬ್ರದರ್ ಪ್ರತಿದಿನ ಸಂಜೆ ಶಾಯಿಯಲ್ಲಿ ಬರೆದಿಟ್ಟ ನಾಲ್ಕೈದು ಸಾಲುಗಳು. ಮಳೆ, ಬಿಸಿಲು, ಎಷ್ಟು ಜನ ಗೈರುಹಾಜರು, ಯಾರಿಗೆ ಚರ್ಮದ ಪಟ್ಟಿಯಿಂದ ಎಷ್ಟು ಏಟು, ಯಾವ ಹುಡುಗನ ಅಪ್ಪ ಬಂದರಿನಲ್ಲಿ ಹಲಗೆ ಬಿದ್ದು ಸತ್ತ. ಮಾರ್ಚಿನಲ್ಲಿ ಸಂತ ಪ್ಯಾಟ್ರಿಕ್ಕನ ಹಬ್ಬಕ್ಕೆ ಐರ್ಲೆಂಡಿನಿಂದ ಅಂಚೆಯಲ್ಲಿ ಮೂರೆಲೆಯ ಸೊಪ್ಪು ಬರುತ್ತಿತ್ತಂತೆ. ಇಲ್ಲಿಗೆ ತಲುಪುವಷ್ಟರಲ್ಲಿ ಕೊಳೆತಿರುತ್ತಿತ್ತು. ಆದರೂ ಪ್ರತಿ ಹುಡುಗನ ಅಂಗಿಗೆ ಒಂದೊಂದು ಎಸಳು ಚುಚ್ಚುತ್ತಿದ್ದರು. ಇದನ್ನು ಓದಿ ನಾನು ನಕ್ಕಿದ್ದೆ. ಅವರ ಮೇಲೆ ಪ್ರೀತಿಯೂ ಹುಟ್ಟಿತ್ತು.

ಆ ಚರ್ಮದ ಪಟ್ಟಿ ಇನ್ನೂ ಇದೆ. ಆಫೀಸಿನ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ, ಅದಕ್ಕೆ 'ಡಾಕ್ಟರ್' ಎಂಬ ಹಳೆಯ ಅಡ್ಡಹೆಸರಿನ ಚೀಟಿ. ಹಳೆಯ ವಿದ್ಯಾರ್ಥಿಗಳು ಬಂದಾಗ ಪೆಟ್ಟಿಗೆಯ ಮುಂದೆ ಅಂಗೈ ಚಾಚಿ, ಮುಖ ಕಿವುಚಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಲ ಸಲ ಕಂಡಾಗ ನನಗೆ ಒಂಥರಾ ಆಯಿತು. ಹತ್ತನೆಯ ಸಲಕ್ಕೆ ಫೋಟೋ ನಾನೇ ತೆಗೆದುಕೊಡುತ್ತಿದ್ದೆ.

ಆ ಚಳಿಗಾಲ ಮಳೆ ಬಿಡಲಿಲ್ಲ. ಡಿಸೆಂಬರಿನಲ್ಲಿ ಶುರುವಾದದ್ದು ಮಾರ್ಚಿನವರೆಗೆ ಸುರಿಯಿತು. ಗುಡ್ಡದ ಮಣ್ಣು ಜಾರಿ ರಸ್ತೆಗೆ ಬರುತ್ತಿತ್ತು, ಫ್ರೀವೇಯಲ್ಲಿ ನೀರು ನಿಲ್ಲುತ್ತಿತ್ತು. ಹುಡುಗರು ಅಂಗಳಕ್ಕೆ ಹೋಗುವಂತಿರಲಿಲ್ಲ. ಒದ್ದೆ ಉಣ್ಣೆಯ ಸ್ವೆಟರು, ಕರಗಿದ ಚೀಸು, ನೆಲಕ್ಕೆ ಚೆಲ್ಲಿ ಒಣಗಿದ ಹಾಲು, ಅದರ ಮೇಲೆ ಪೆಪ್ಪರ್‌ಮಿಂಟಿನ ಪುಡಿ. ಬಾಗಿಲು ಮುಚ್ಚಿದರೂ ಆ ವಾಸನೆ ನನ್ನ ಕೋಣೆಗೆ ಬರುತ್ತಿತ್ತು. ಸಂಜೆ ಮನೆಗೆ ಹೋದರೆ ಚಿಕ್ಕಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. "ಏನೇ ಇದು, ಸ್ಕೂಲಿಗೆ ಹೋಗ್ತೀಯೋ ಹಾಲಿನ ಡೈರಿಗೋ? ಮೊದಲು ಸ್ನಾನ ಮಾಡ್ಹೋಗು."

ಶಾಲೆಯ ಊಟದ ಹಾಲಿನಲ್ಲಿ ಒಂದು ಪದ್ಧತಿ ಇತ್ತು. ಊಟ ಮುಗಿಸಿದ ಹುಡುಗ ತನ್ನ ತಟ್ಟೆಯನ್ನು ತಲೆಯ ಮೇಲೆ ಬೋರಲು ಹಿಡಿಯಬೇಕು. ಏನೂ ಉದುರಲಿಲ್ಲವೆಂದರೆ ತಟ್ಟೆ ಖಾಲಿ ಎಂದರ್ಥ. ಎಲ್ಲ ತಟ್ಟೆಗಳೂ ತಲೆಯ ಮೇಲೇರಿದ ಮೇಲೆ ಗೋಡೆಯ ಹಿತ್ತಾಳೆಯ ಗಂಟೆಯನ್ನು ಹಗ್ಗ ಎಳೆದು ಬಾರಿಸುತ್ತಾರೆ. ಗಂಟೆಯಾಗುವವರೆಗೆ ಯಾರೂ ಏಳುವಂತಿಲ್ಲ. ಇನ್ನೂರು ಹುಡುಗರು ತಟ್ಟೆಯ ಟೋಪಿ ಹಾಕಿಕೊಂಡು ಕಿಲಕಿಲ ನಗುತ್ತಿರುವುದನ್ನು ನೋಡಿದವರೆಲ್ಲ ಮರುಳಾಗುತ್ತಿದ್ದರು. ನಾನೂ ಮರುಳಾದೆ. ನಮ್ಮ ಮನೆಯಲ್ಲಿ ಒಂದು ಅಗುಳು ಬಿಟ್ಟರೂ ಬೈಗುಳ. ಅಪ್ಪ ಊಟವಾದ ಮೇಲೆ ತಟ್ಟೆಗೆ ಎರಡು ಗುಟುಕು ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಿದ್ದರು. ಏಳು ಸಮುದ್ರದಾಚೆ ನಮ್ಮ ಮನೆಯದೇ ನಿಯಮ ಕಂಡ ಹಾಗಾಯಿತು.

ಪ್ರಿನ್ಸಿಪಾಲರು ಈ ಶಾಲೆಯಲ್ಲೇ ಓದಿದವರು. ಎತ್ತರದ ಆಳು, ದೊಡ್ಡ ನಗು. "ಐರ್ಲೆಂಡಿನ ಬಟಾಟೆಯ ಬರಗಾಲದಲ್ಲಿ ಹಸಿದು ಸತ್ತವರ ಮರಿಮಕ್ಕಳು ನಾವು, ಮಿಸ್ ರಾವ್," ಎಂದರು. "ಬ್ರದರ್ ಫಿಂಟನ್ ಅಂತ ಒಬ್ಬರಿದ್ದರು. ಊಟದ ಹಾಲು ಅವರ ಕೈಯಲ್ಲಿತ್ತು. ಈ ಪದ್ಧತಿ ಅವರದೇ." ಹಾಲಿಗೆ ಅವರದೇ ಹೆಸರು, ಗೋಡೆಯಲ್ಲಿ ಗಂಟೆಯ ಮೇಲ್ಗಡೆ ಅವರ ಚಿತ್ರ. ಮೃದುವಾದ ಮುಖ, ದಪ್ಪ ಕನ್ನಡಕ.

ನಾನು ಆ ಅಧ್ಯಾಯವನ್ನು ಮೂರೇ ದಿನದಲ್ಲಿ ಬರೆದೆ. ದಿನಚರಿಗಳ ಮೊದಲ ಕಟ್ಟು ಓದಿದ್ದೆ, ಕೊನೆಯದನ್ನು ಓದಿದ್ದೆ. ಫಿಂಟನ್ ಅವರ ಕಾಲದ ನಡುವಿನ ಪುಸ್ತಕಗಳಿಗೆ ಇಲಿ ಮೂತ್ರದ ವಾಸನೆ ಹಿಡಿದಿತ್ತು. ಮಳೆ ನಿಂತ ಮೇಲೆ ಬಿಸಿಲಿಗೆ ಹಾಕಿ ಓದೋಣವೆಂದು ಪಕ್ಕಕ್ಕಿಟ್ಟಿದ್ದೆ. ಓದದೆ ಬರೆಯಬಾರದೆಂಬುದು ನನ್ನ ವಿದ್ಯೆಯ ಮೊದಲ ಪಾಠ. ಆದರೆ ವಿಷಯ ನನಗೆ ಗೊತ್ತೇ ಇದೆ ಎನಿಸಿತ್ತು. ಅನ್ನವನ್ನು ದೇವರೆಂದು ತಿಳಿದವರು ಬರೆಯಲು ಕಾಗದ ಯಾಕೆ ನೋಡಬೇಕು?

ಪ್ರಿನ್ಸಿಪಾಲರಿಗೆ ತುಂಬ ಇಷ್ಟವಾಯಿತು. ಸೋಮವಾರದ ಅಸೆಂಬ್ಲಿಯಲ್ಲಿ ಹುಡುಗರಿಗೆ ಎರಡು ಮಾತು ಹೇಳಿ ಎಂದರು. ನನಗೆ ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಆದರೂ ಅಪ್ಪನ ತಟ್ಟೆಯ ನೀರಿನ ಕತೆ ಹೇಳಿದೆ. "ಯಕ್!" ಎಂದು ಇಡೀ ಹಾಲು ಕೂಗಿತು. ನಾನೂ ನಕ್ಕೆ.

ಮರುದಿನ ಮಧ್ಯಾಹ್ನ ಮೂರನೇ ತರಗತಿಯ ಮೇಷ್ಟರು ಮಾರ್ಕೋ ಎಂಬ ಹುಡುಗನ ಮುಂದೆ ನಿಂತಿದ್ದರು. ಮಾರ್ಕೋ ತಿನ್ನಲಾಗದ್ದನ್ನು ಕಾಲುಚೀಲದೊಳಗೆ ತುರುಕಿಕೊಳ್ಳುವುದರಲ್ಲಿ ನಿಪುಣ. ಒಮ್ಮೆ ನನ್ನ ಕೋಣೆಗೆ ಬಂದು ಕಾಲುಚೀಲದಿಂದ ಬ್ರೊಕೋಲಿ ತೆಗೆದು, "ಮಿಸ್ ರಾವ್, ನೀವು ಸಸ್ಯಾಹಾರಿ ಅಲ್ವಾ?" ಎಂದು ಮೇಜಿನ ಮೇಲಿಟ್ಟು ಓಡಿದ್ದ. ಆ ದಿನ ತಟ್ಟೆಯಲ್ಲಿ ಕಂದು ಬಣ್ಣದ ಗ್ರೇವಿ ಉಳಿದಿತ್ತು. ಮೇಷ್ಟರು ತಮಾಷೆಯಾಗಿಯೇ ಅದರ ಮೇಲೆ ಅವನ ಹಾಲು ಸುರಿದು, "ಬೆರಳಾಡಿಸು, ಕುಡಿ. ಮಿಸ್ ರಾವ್ ಸ್ಟೈಲು!" ಎಂದರು. ಸುತ್ತ ಎಲ್ಲರೂ ನಕ್ಕರು. ಮಾರ್ಕೋ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ. ಆಮೇಲೆ ತಟ್ಟೆ ಎತ್ತಿ ಕುಡಿದ. ಕಂದು ಹಾಲು ಗಲ್ಲದಿಂದ ಕಾಲರಿಗೆ ಇಳಿಯಿತು.

ನಾನು ತಡೆಯಲಿಲ್ಲ. ನನ್ನ ಹೆಸರಿನ ಒಂದು ತಮಾಷೆ ಶಾಲೆಯಲ್ಲಿ ಹುಟ್ಟಿತೆಂದು ಒಳಗೊಳಗೇ ಸ್ವಲ್ಪ ಖುಷಿಯೂ ಆಗಿತ್ತು.

ಫೆಬ್ರವರಿಯ ಒಂದು ಮಂಗಳವಾರ ಎಪ್ಪತ್ತು ದಾಟಿದ ಮುದುಕರೊಬ್ಬರು ನನ್ನ ಕೋಣೆಗೆ ಬಂದರು. ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಪುಸ್ತಕ ಬರೀತಿರೋದು ನೀವೇನಾ?"

"ಹೌದು. ಕೂತ್ಕೊಳ್ಳಿ."

"ನಿಂತೇ ಇರ್ತೀನಿ. ಊಟದ ಹಾಲಿನ ಬಗ್ಗೆ ಏನು ಬರೆದಿದ್ದೀರಿ?"

ನಾನು ಹೆಮ್ಮೆಯಿಂದಲೇ ಅಧ್ಯಾಯವನ್ನು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. ಹಾಳೆಯ ಮೇಲೆ ಮಳೆಹನಿ ಬೀಳದ ಹಾಗೆ ಕೈಯನ್ನು ದೂರ ಹಿಡಿದಿದ್ದರು.

"ಚೆನ್ನಾಗಿ ಬರೀತೀರಿ," ಎಂದರು. "ಆದರೆ ಇದರಲ್ಲಿ ಡ್ಯಾನಿ ಇಲ್ಲ."

ಅವರ ಹೆಸರು ಹೀಲಿ. ಡ್ಯಾನಿ ಅವರ ತಮ್ಮ. ಇಬ್ಬರೂ ಇಲ್ಲೇ ಓದಿದವರು. ಅವರು ಐದರಲ್ಲಿ, ತಮ್ಮ ಎರಡರಲ್ಲಿ. ಈಸ್ಟರಿಗೆ ಮುಂಚಿನ ವ್ರತದ ದಿನಗಳ ಒಂದು ಶುಕ್ರವಾರ ಎಂದು ಹೇಳಿ, ಯಾವ ವರ್ಷವೆಂದೂ ಹೇಳಿದರು. ನಾನು ಪಕ್ಕಕ್ಕಿಟ್ಟ ಕಟ್ಟಿನಲ್ಲೇ ಆ ಪುಸ್ತಕವಿತ್ತು. ಕೈಗವಸು ಹಾಕಿಕೊಂಡು ತೆರೆದೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ಅವರ ಕಣ್ಣಿಗೆ ಆ ಕೈಬರಹ ಹಿಡಿಯಲಿಲ್ಲ. ನಾನೇ ಗಟ್ಟಿಯಾಗಿ ಓದಬೇಕಾಯಿತು.

"ಬೆಳಗ್ಗೆ ಮಳೆ, ಮಧ್ಯಾಹ್ನಕ್ಕೆ ನಿಂತಿತು. ಊಟಕ್ಕೆ ಮೀನು. ಎರಡನೇ ತರಗತಿಯ ಡಿ. ಹೀಲಿ ತಿಂದದ್ದನ್ನು ತಟ್ಟೆಗೇ ವಾಂತಿ ಮಾಡಿದ. ಬ್ರದರ್ ಫಿಂಟನ್ ಅದನ್ನೇ ಮುಗಿಸುವಂತೆ ಮಾಡಿದರು. ಗಂಟೆಯಾಗುವಾಗ ಎರಡು ದಾಟಿತ್ತು. ಇಡೀ ಶಾಲೆ ಕಾದಿತ್ತು. ಸಂಜೆ ಕಲ್ಲಿದ್ದಲು ಬಂತು."

ಕಲ್ಲಿದ್ದಲಿನವರೆಗೂ ಓದಿ ನಿಲ್ಲಿಸಿದೆ. ಗೋಡೆಯಾಚೆ ಆ ದಿನದ ಊಟ ನಡೆಯುತ್ತಿತ್ತು.

ಹೀಲಿ ಈಗ ಕೂತರು. "ಗಂಟೆ ಆಗೋವರೆಗೂ ಯಾರೂ ಏಳೋ ಹಾಗಿರಲಿಲ್ಲ. ಎಲ್ಲರ ತಟ್ಟೆ ತಲೆ ಮೇಲೆ. ಕೈ ನೋಯ್ತಿತ್ತು. ಅವನೊಬ್ಬನೇ ಚಮಚ ಹಿಡ್ಕೊಂಡು ಕೂತಿದ್ದ. ಆಮೇಲೆ ಯಾರೋ ಮೇಜು ಬಡಿಯೋಕೆ ಶುರು ಮಾಡಿದರು. ಮುಗಿಸು, ಮುಗಿಸು ಅಂತ. ಒಬ್ಬರಾದ ಮೇಲೆ ಒಬ್ಬರು. ನಾನೂ ಬಡಿದೆ."

ನಾನು ಕೈಗವಸು ತೆಗೆದೆ.

"ಮಳೆ ನಿಂತಿತ್ತು ನೋಡಿ. ನನಗೆ ಆಡೋಕೆ ಹೋಗಬೇಕಿತ್ತು. ಅಷ್ಟೇ ಕಾರಣ."

ಡ್ಯಾನಿ ಆಮೇಲೆ ಜೀವನಪೂರ್ತಿ ಯಾರ ಮುಂದೆಯೂ ಊಟ ಮಾಡಲಿಲ್ಲವಂತೆ. ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಮುಖ ಮಾಡಿ, ನಿಂತೇ ತಿನ್ನುತ್ತಿದ್ದನಂತೆ. ತನ್ನ ಮದುವೆಯ ಊಟಕ್ಕೂ ಕೂರಲಿಲ್ಲ. ಹಿಂದಿನ ವರ್ಷ ತೀರಿಕೊಂಡಿದ್ದ.

"ಈ ಸಾಲುಗಳನ್ನ ಇದ್ದ ಹಾಗೇ ಹಾಕಿ," ಎಂದರು ಹೀಲಿ. "ನೀವೇನೂ ಸೇರಿಸಬೇಡಿ. ಅಣ್ಣನೂ ಮೇಜು ಬಡಿದ ಅಂತ ಒಂದು ಸಾಲು, ನನ್ನ ಹೆಸರು ಹಾಕಿ. ಅವನು ಇದ್ದಾಗ ಇದನ್ನ ಅವನಿಗೆ ಹೇಳೋಕೆ ಆಗಲಿಲ್ಲ ನನಗೆ. ಪುಸ್ತಕದಲ್ಲಾದರೂ ಇರಲಿ."

"ಹಾಕ್ತೀನಿ," ಎಂದೆ.

"ಮಾತು ಕೊಡ್ತೀರಾ?"

"ಕೊಡ್ತೀನಿ."

ಅವರು ಹೋದ ಮೇಲೆ ಆ ಪುಟದ ನಕಲು ತೆಗೆದುಕೊಂಡೆ. ಆ ಕಟ್ಟಿನ ಉಳಿದ ಪುಸ್ತಕಗಳನ್ನೂ ಓದಿದೆ. ಡ್ಯಾನಿಯೊಬ್ಬನೇ ಅಲ್ಲ. ಎಲ್ಲವನ್ನೂ ಅದೇ ಶಾಂತ ಕೈಬರಹದಲ್ಲಿ, ಮಳೆ ಮತ್ತು ಕಲ್ಲಿದ್ದಲಿನ ನಡುವೆ ಬರೆದಿಟ್ಟಿದ್ದರು. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಡಬೇಕಾದದ್ದೆಂದು ಅವರಿಗೆ ಅನಿಸಿರಲೇ ಇಲ್ಲ.

ಡ್ಯಾನಿಯ ಸಾಲುಗಳನ್ನು ಅಧ್ಯಾಯಕ್ಕೆ ಸೇರಿಸಿ ಪ್ರಿನ್ಸಿಪಾಲರಿಗೆ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಪಾಪ," ಎಂದರು. ನಿಜವಾಗಿಯೇ ಹೇಳಿದರು. ಕನ್ನಡಕವನ್ನು ಮತ್ತೆ ಹಾಕಿಕೊಂಡು ಹೇಳಿದರು:

"ನಾನು ಎಂಟು ವರ್ಷದವನಿದ್ದಾಗ ನಮ್ಮ ತಂದೆ ಹೋಗಿಬಿಟ್ಟರು, ಮಿಸ್ ರಾವ್. ಆರು ತಿಂಗಳು ಬ್ರದರ್ ಫಿಂಟನ್ ದಿನಾ ಸಂಜೆ ನನ್ನನ್ನ ಮನೆವರೆಗೆ ನಡೆಸ್ಕೊಂಡು ಹೋಗಿ ಬಿಟ್ಟು ಬರ್ತಿದ್ದರು. ಒಂದು ದಿನ ತಪ್ಪಿಸಲಿಲ್ಲ. ಅವರು ಒಳ್ಳೆಯವರು."

ಒಳ್ಳೆಯವರೇ ಇರಬಹುದು, ಇದನ್ನು ಮಾಡಿದವರೂ ಅವರೇ. ಇದು ನಾನು ಮನೆಗೆ ಹೋಗುವಾಗ ಕಾರಿನಲ್ಲಿ ಒಬ್ಬಳೇ ಹೇಳಿಕೊಂಡ ಮಾತು. ಅಲ್ಲಿ ಹೇಳಿದ್ದು, "ಆದರೆ ಮಿಸ್ಟರ್ ಹೀಲಿಗೆ ಮಾತು ಕೊಟ್ಟಿದ್ದೇನೆ," ಎಂದಷ್ಟೇ.

"ಇದು ಹಬ್ಬದ ಪುಸ್ತಕ. ಮಕ್ಕಳು ಓದ್ತಾರೆ. ಈ ವಿಷಯಕ್ಕೆ ಬೇರೆ ಜಾಗ ಇದೆ, ಬೇರೆ ಸಮಯ ಇದೆ." ಹಾಳೆಗಳನ್ನು ಅಂಚು ಸರಿಮಾಡಿ ನನ್ನ ಕಡೆ ತಳ್ಳಿದರು. "ನಿಮ್ಮ ಈ ಅಧ್ಯಾಯ ಪುಸ್ತಕದಲ್ಲೇ ಅತ್ಯುತ್ತಮ. ಮೊದಲು ಬರೆದ ಹಾಗೇ ಇರಲಿ. ಅಂದ ಹಾಗೆ, ಬರೋ ವರ್ಷ ಲೈಬ್ರರಿಗೆ ಒಬ್ಬರು ಬೇಕು. ನೀವೇ ಇರಿ ಅಂತ ನನ್ನ ಆಸೆ. ವೀಸಾ ಕಾಗದಪತ್ರ ಎಲ್ಲ ನಾವು ನೋಡ್ಕೊಳ್ತೀವಿ."

ಬೆದರಿಕೆಯಿರಲಿಲ್ಲ. ಎರಡು ಮಾತುಗಳನ್ನು ಒಂದರ ಪಕ್ಕ ಒಂದನ್ನು ಇಟ್ಟರು, ಅಷ್ಟೇ.

ಆ ಸಂಜೆ ಚಿಕ್ಕಮ್ಮ ಚಪಾತಿ ಬೇಯಿಸುತ್ತಿದ್ದರು. ನಾನು ಸಾಮಾನ್ಯವಾಗಿ ಆಫೀಸಿನ ಮಾತು ಮನೆಗೆ ತರುವವಳಲ್ಲ. ಅಂದು ನಾನೇ ಮಾತು ತೆಗೆದೆ.

"ಅಯ್ಯೋ, ನಮಗೂ ಸ್ಕೂಲಲ್ಲಿ ಹೊಡೀತಿದ್ರು ಕಣೇ," ಎಂದರು. "ಮೊಣಕಾಲ ಮೇಲೆ ಕೂರಿಸ್ತಿದ್ರು. ಈಗ ಅದನ್ನೆಲ್ಲ ಬುಕ್ಕಲ್ಲಿ ಹಾಕ್ತಾರಾ?"

"ಹೊಡೆದದ್ದಲ್ಲ ಚಿಕ್ಕಮ್ಮ."

ಏನೆಂದು ಹೇಳಿದೆ. ಹೆಂಚಿನ ಮೇಲಿನ ಚಪಾತಿ ಸೀದುಹೋಯಿತು. "ಥೂ," ಎಂದರು. "ಥೂ, ಥೂ. ಊಟದ ಹೊತ್ತಲ್ಲಿ ಇದನ್ನೆಲ್ಲ ಹೇಳ್ತಾರೇನೇ?" ಸೀದ ಚಪಾತಿಯನ್ನು ಕಸದ ಬುಟ್ಟಿಗೆ ಎಸೆದು, ಇನ್ನೊಂದು ಉಂಡೆ ಲಟ್ಟಿಸಿ, ಬೇಯಿಸಿ, ನನ್ನ ತಟ್ಟೆಗೆ ಹಾಕಿ, ಆಮೇಲೆ ಹೇಳಿದರು: "ನೋಡು, ಅವರವರ ಮನೆ ವಿಷಯ. ಐರಿಷ್ನೋರು ಐರಿಷ್ನೋರಿಗೆ ಮಾಡಿದ್ದು. ಆ ಬ್ರದರೂ ಇಲ್ಲ, ಆ ಹುಡುಗನೂ ಇಲ್ಲ. ನಿನ್ನ ವೀಸಾ ಕೈಗೆ ಬರ್ಲಿ, ಆಮೇಲೆ ಏನ್ ಬೇಕಾದ್ರೂ ಬರ್ಕೋ."

ಚಪಾತಿ ಬೇಡವಾಗಿತ್ತು. ಆದರೆ ತಟ್ಟೆಯಲ್ಲಿ ಬಿಡಲೂ ಇಲ್ಲ. ತಿಂದೆ.

ಏಪ್ರಿಲಿನಲ್ಲಿ ಮಳೆ ನಿಂತು ಗುಡ್ಡಗಳು ಹಸಿರಾದವು. ಪುಸ್ತಕದ ಕರಡಚ್ಚು ಬಂತು. ಪ್ರತಿ ಪುಟದ ಕೆಳಗೆ ನಾನು ಸಹಿ ಮಾಡಬೇಕಿತ್ತು. ಡ್ಯಾನಿಯ ಸಾಲುಗಳಿರಲಿಲ್ಲ, ಅವನ್ನು ತೆಗೆದವಳು ನಾನೇ. ಅಪ್ಪನ ತಟ್ಟೆಯ ನೀರು ಇತ್ತು. "ಬ್ರದರ್ ಫಿಂಟನ್ ಪ್ರೀತಿಯಿಂದ ಆರಂಭಿಸಿದ ಪದ್ಧತಿ" ಎಂದು ನಾನೇ ಬರೆದ ವಾಕ್ಯವಿತ್ತು. ಅದರಲ್ಲಿ "ಪ್ರೀತಿಯಿಂದ" ಎಂಬುದನ್ನು ಹೊಡೆದುಹಾಕಿದೆ. ಒಂದು ಪದ. ನನ್ನ ಪ್ರತಿಭಟನೆ ಅಷ್ಟು. ಆ ಪುಟಕ್ಕೂ ಸಹಿ ಮಾಡಿ ಕಳಿಸಿದೆ. ಹೀಲಿಗೆ ಫೋನ್ ಮಾಡಿ ತಿಳಿಸಬಹುದಿತ್ತು. ನಂಬರು ಮೇಜಿನ ಮೇಲೇ ಇತ್ತು.

ಮೇ ತಿಂಗಳ ಉತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಹಾಲಿನ ತುಂಬ ಬಂದರು. ಬಾಗಿಲಲ್ಲಿ ಒಬ್ಬೊಬ್ಬರ ಕೈಗೂ ಪುಸ್ತಕ ಕೊಡುತ್ತಿದ್ದರು. ಹೀಲಿ ಕೊನೆಯ ಮೇಜಿನ ತುದಿಯಲ್ಲಿ ಕೂತು ಪುಟ ತಿರುಗಿಸುತ್ತಿರುವುದು ನನಗೆ ಕಾಣುತ್ತಿತ್ತು. ನನ್ನ ಅಧ್ಯಾಯ ಸಿಕ್ಕಿತು. ಒಮ್ಮೆ ಓದಿದರು. ಹಿಂದಿನ ಪುಟಕ್ಕೆ ಹೋಗಿ ಮತ್ತೊಮ್ಮೆ ಓದಿದರು, ಎಲ್ಲೋ ಕಣ್ತಪ್ಪಿರಬಹುದು ಎಂಬಂತೆ. ಆಮೇಲೆ ಪುಸ್ತಕ ಮುಚ್ಚಿ ತಟ್ಟೆಯ ಪಕ್ಕದಲ್ಲಿಟ್ಟರು.

ಊಟವಾಯಿತು. ಪ್ರಿನ್ಸಿಪಾಲರು ಗಂಟೆಯ ಹಗ್ಗ ಹಿಡಿದು, "ಮಹನೀಯರೇ, ತಟ್ಟೆಗಳು!" ಎಂದು ಕೂಗಿದರು. ಬೋಳುತಲೆಗಳ ಮೇಲೆ, ನರೆತ ತಲೆಗಳ ಮೇಲೆ ತಟ್ಟೆಗಳು ಏರಿದವು. ಮುದುಕರೆಲ್ಲ ಹುಡುಗರಂತೆ ನಗುತ್ತಿದ್ದರು. ನನ್ನ ತಟ್ಟೆಯಲ್ಲಿ ಬಟಾಟೆ, ಬಟಾಣಿ ಇದ್ದವು, ಮುಗಿಸಿದ್ದೆ. ನಾನೂ ಎರಡೂ ಕೈಯಿಂದ ತಟ್ಟೆಯನ್ನು ತಲೆಯ ಮೇಲೆ ಹಿಡಿದೆ.

ಹೀಲಿಯ ತಟ್ಟೆ ಮಾತ್ರ ಮೇಜಿನ ಮೇಲಿತ್ತು. ತುಂಬಿದ ತಟ್ಟೆ. ಚಮಚ ಮುಟ್ಟಿರಲಿಲ್ಲ.

"ಯಾರದು ಅದು? ಹೀಲಿ! ಶಾಲೆ ಬಿಟ್ಟು ಅರವತ್ತು ವರ್ಷ ಕಳೆದರೂ ಬುದ್ಧಿ ಬರಲಿಲ್ಲವಾ?" ಎಂದು ಯಾರೋ ಕೂಗಿದರು. ನಗು. ಒಬ್ಬರು ಮೇಜು ಬಡಿದರು. ಇನ್ನೊಬ್ಬರು ಸೇರಿದರು. ಆಮೇಲೆ ಇಡೀ ಹಾಲು. ಮುಗಿಸು. ಮುಗಿಸು. ಮುಗಿಸು. ಅವರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಿರಲಿಲ್ಲ, ತಮಾಷೆ ಮಾಡುತ್ತಿದ್ದರು. ಹಗ್ಗ ಹಿಡಿದಿದ್ದ ಪ್ರಿನ್ಸಿಪಾಲರಿಗೆ ಗೊತ್ತಿತ್ತು. ನನಗೆ ಗೊತ್ತಿತ್ತು.

ಹೀಲಿ ತಲೆಯೆತ್ತಿ ನೇರ ನನ್ನನ್ನು ನೋಡಿದರು. ನಾನು ಮೇಜು ಬಡಿಯಲಿಲ್ಲ ಎಂದು ಹೇಳಿಕೊಳ್ಳಬಹುದು. ಕೈ ಬಿಡುವಿರಲಿಲ್ಲ, ಅಷ್ಟೇ.

ಅವರು ಎದ್ದರು. ತುಂಬಿದ ತಟ್ಟೆ ಎತ್ತಿಕೊಂಡು ಮೇಜುಗಳ ನಡುವೆ ನಿಧಾನ ನಡೆದು, ಮೂಲೆಯ ದೊಡ್ಡ ಕಸದ ಬುಟ್ಟಿಗೆ ಅದನ್ನು ಬಗ್ಗಿಸಿದರು. ಮಾಂಸ, ಬಟಾಟೆ, ಕೋಸು ಬಿದ್ದ ಸದ್ದು ಕೇಳಿಸಿತು, ಏಕೆಂದರೆ ಅಷ್ಟು ಹೊತ್ತಿಗೆ ಮೇಜು ಬಡಿಯುವುದು ನಿಂತಿತ್ತು. ಖಾಲಿ ತಟ್ಟೆಯನ್ನು ಬುಟ್ಟಿಯ ಮುಚ್ಚಳದ ಮೇಲಿಟ್ಟು, ಬಾಗಿಲು ತೆಗೆದು ಹೋದರು. ಪುಸ್ತಕ ಮೇಜಿನ ಮೇಲೇ ಉಳಿಯಿತು.

"ಇವತ್ತೊಂದು ದಿನ ಮಾಫಿ!" ಎಂದು ಪ್ರಿನ್ಸಿಪಾಲರು ಗಂಟೆ ಬಾರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ನಾನು ತಟ್ಟೆ ಇಳಿಸಿದೆ. ಎಲ್ಲೋ ಅಂಟಿದ್ದ ಒಂದು ಬಟಾಣಿ ಕೂದಲಲ್ಲಿ ಸಿಕ್ಕಿಕೊಂಡಿತ್ತು. ಮನೆಗೆ ಹೋಗಿ ಸ್ನಾನ ಮಾಡುವಾಗ ಕೈಗೆ ಬಂತು.

ಲೈಬ್ರರಿಯ ಕೆಲಸ ಕೊನೆಗೆ ಬರಲೇ ಇಲ್ಲ. ಆ ಹುದ್ದೆಯನ್ನೇ ಕೈಬಿಟ್ಟೆವೆಂದು ಪ್ರಿನ್ಸಿಪಾಲರು ತುಂಬ ಬೇಸರದಿಂದ ತಿಳಿಸಿದರು. ಪಾಲೋ ಆಲ್ಟೋದ ಒಂದು ಕಂಪನಿಯಲ್ಲಿ ಹಳೆಯ ಕಡತಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು, ವೀಸಾ ಅವರೇ ಮಾಡಿಸಿದರು. ಅಲ್ಲಿಯ ಕಡತಗಳಿಗೆ ಯಾವ ವಾಸನೆಯೂ ಇಲ್ಲ. ಡ್ಯಾನಿಯ ಪುಟದ ನಕಲು ಇವತ್ತಿಗೂ ನನ್ನ ಬಳಿ ಇದೆ. ಅವನ ಸಾಲುಗಳನ್ನು ಈಗ ಇಲ್ಲಿ ಹಾಕಿದ್ದೇನೆ, ಅಣ್ಣ ಹೇಳಿದ ಹಾಗೇ, ಏನೂ ಸೇರಿಸದೆ. ಆದರೆ ಕನ್ನಡದಲ್ಲಿ ಹಾಕಿದ್ದೇನೆ. ಆ ಶಾಲೆಯಲ್ಲಿ, ನಮ್ಮವರ ಮಕ್ಕಳೂ ಸೇರಿ, ಇದನ್ನು ಓದಬಲ್ಲವರು ಯಾರೂ ಇಲ್ಲ. ಇದಕ್ಕೆ ಧೈರ್ಯವೇನೂ ಬೇಕಾಗಿಲ್ಲವೆಂದು ನನಗೆ ಗೊತ್ತು.

ಲಿವರ್‌ಮೋರಿನ ಹಾಲಿನಲ್ಲಿ ಪುಡಿ ಗಟ್ಟಿಯಾಗಿ, ಗುಡಿಸಿ, ನೆಲ ಒರೆಸಿ ಆಗಿತ್ತು. ಹುಡುಗ ವಾಪಸು ಬಂದ. ಮುಖ ತೊಳೆದಿದ್ದರು, ಅಂಗಿಯ ಮುಂಭಾಗ ಒದ್ದೆ. ಅಮ್ಮ ಬೇರೆ ಅಂಗಿ ತರಲು ಕಾರಿನ ಕಡೆ ಹೋದಳು. ಮೇಜಿನ ಮೇಲೆ ಅವನ ಕಾಗದದ ತಟ್ಟೆ ಹಾಗೇ ಇತ್ತು. ಅದರ ಅಂಚಿಗೂ ಸ್ವಲ್ಪ ಸಿಡಿದಿತ್ತು.

ಅಜ್ಜಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಕೆಟ್ಟ ಹೆಂಗಸಲ್ಲ. ಅವನ ತಲೆ ನೇವರಿಸಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಆಮೇಲೆ ತಟ್ಟೆಯ ಒಳಗಿನ, ಸಿಡಿಯದ ಭಾಗದಿಂದ ಒಂದು ತುತ್ತು ಕಲಸಿದರು.

"ಹೊಟ್ಟೆ ಖಾಲಿ ಆಯ್ತಲ್ಲ ಕಂದಾ, ಈಗ ಹಿಡಿಸುತ್ತೆ. ಎರಡೇ ತುತ್ತು."

ಹುಡುಗ ಬಾಯಿ ಬಿಗಿಹಿಡಿದು ಎದುರಿಗಿದ್ದ ನನ್ನನ್ನು ನೋಡಿದ.

ನಾನು ಎದ್ದು ಆ ತಟ್ಟೆಯನ್ನು ಎತ್ತಿಕೊಂಡೆ. ನನ್ನದರಲ್ಲಿ ಇನ್ನೂ ಅರ್ಧ ಮೊಸರನ್ನ ಇತ್ತು, ಅದನ್ನೂ ಎತ್ತಿಕೊಂಡೆ. ಮೇಜಿನ ತುದಿಯ ಕಸದ ಡಬ್ಬಿಗೆ ಎರಡನ್ನೂ ಹಾಕಿದೆ.

"ಅಯ್ಯೋ! ಏನಮ್ಮಾ ಇದು?" ಅಜ್ಜಿಯ ಕೈ ತುತ್ತಿನ ಸಮೇತ ಗಾಳಿಯಲ್ಲೇ ನಿಂತಿತ್ತು. "ಕನ್ನಡದವಳ ಹಾಗೆ ಕಾಣ್ತೀಯ, ಅಷ್ಟೂ ಗೊತ್ತಿಲ್ವಾ? ಪ್ರಸಾದ ಕಣಮ್ಮಾ ಅದು! ಅನ್ನ!"

"ಗೊತ್ತು ಅಮ್ಮಾ," ಎಂದೆ.

ಅಕ್ಕಪಕ್ಕದ ಬೆಂಚಿನವರು ತಿರುಗಿ ನೋಡುತ್ತಿದ್ದರು. ಹುಡುಗ ಅಜ್ಜಿಯ ತೊಡೆಯಿಂದ ಮೆಲ್ಲಗೆ ಇಳಿದ. ಬೆಂಚಿನ ಕೆಳಗೆ, ಯಾರಿಗೂ ಕಾಣದ ಹಾಗೆ, ಪಾಯಸದ ಒಂದು ಲೋಟ ಅಡಗಿಸಿಟ್ಟಿದ್ದ. ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ತಂದ.

"ದಿಸ್ ಟೂ, ಆಂಟಿ?"

ತೆಗೆದುಕೊಂಡು ಅದನ್ನೂ ಹಾಕಿದೆ.